ಅಡುಗೆಮನೆಯ ಐದನೇ ಟಿವಿ

ಕಾಪುವಿನಿಂದ ಉಚ್ಚಿಲದ ಕಡೆಗೆ ಹೋಗುವಾಗ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಸಭಾಭವನ ಇದೆ. ಅಲ್ಲಿಯ ಟಿವಿಗಳು ಕ್ರಿಶ್ಚಿಯನ್ ಮದುವೆಗಳಲ್ಲಿ ದಿನವಿಡೀ ಸರಿಯಾಗಿ ನಡೆಯುತ್ತಿದ್ದವು. ಹಿಂದೂ ಮದುವೆಗಳಲ್ಲಿ ಸರಿಯಾಗಿ ಧಾರೆಯ ಹೊತ್ತಿಗೆ ಕಪ್ಪಾಗುತ್ತಿದ್ದವು.

ಈ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿದೆ. ಹಾಗಾಗಿ ಅದರ ಮೇಲೆ ನನಗೆ ಈಗ ಪೂರ್ತಿ ನಂಬಿಕೆ ಇಲ್ಲ. 'ಸರಿಯಾಗಿ ಧಾರೆಯ ಹೊತ್ತಿಗೆ' ಎಂದದ್ದು ಸಭಾಭವನದ ಮೆನೇಜರ್. ಒಂದು ಮದುವೆಯಲ್ಲಿ ಧಾರೆಗೆ ಇನ್ನೂ ಎರಡು ನಿಮಿಷ ಇರುವಾಗಲೇ ಹೋಗಿತ್ತಂತೆ, ಇನ್ನೊಂದರಲ್ಲಿ ನೀರು ಎರೆಯುವುದು ಅರ್ಧವಾದಾಗ. ಈ ಹೆಚ್ಚುಕಡಿಮೆಯನ್ನು ನಾನು ಆಗಲೇ ಗಮನಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಗಮನಿಸಲಿಲ್ಲ. ಕಥೆ ಅಷ್ಟು ಚೆನ್ನಾಗಿತ್ತು.

ಮೆನೇಜರ್ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸು, ಊರವರ ಬಾಯಲ್ಲಿ 'ಬಾಯಮ್ಮ'. ಗಲ್ಫಿನ ಒಂದು ಹೋಟೆಲಿನಲ್ಲಿ ಹಲವು ವರ್ಷ ಔತಣಗಳ ಉಸ್ತುವಾರಿ ನೋಡಿ ಊರಿಗೆ ಬಂದವರು. ನಾನು ಮಣಿಪಾಲದಲ್ಲಿದ್ದುಕೊಂಡು ಕಚೇರಿ, ಹಾಸ್ಟೆಲು, ಸಭಾಭವನಗಳಿಗೆ ನೆಟ್‌ವರ್ಕ್ ಕೂರಿಸಿ ಕೊಡುವ ಕೆಲಸ ಮಾಡುತ್ತೇನೆ. ಅವರ ಸ್ವಿಚ್ಚುಗಳನ್ನು ಎರಡು ತಿಂಗಳ ಹಿಂದೆ ಸರಿಪಡಿಸಿ ಕೊಟ್ಟದ್ದು ನಾನೇ. ಅದಕ್ಕೇ ಫೋನು ನನಗೆ ಬಂತು.

"ನಿಮ್ಮ ಸ್ವಿಚ್ಚಿಗೆ ಜಾತಿ ಉಂಟಾ ಮಾರಾಯ್ರೆ?" ಎಂದರು. "ನಮ್ಮವರ ರಿಸೆಪ್ಶನ್‌ನಲ್ಲಿ ಕೇಕ್ ಕತ್ತರಿಸುವುದರಿಂದ ಹಿಡಿದು ಕುಣಿತ ಮುಗಿಯುವವರೆಗೆ ಎಲ್ಲ ತೋರಿಸ್ತದೆ. ಪುರೋಹಿತರು ಜೋರಾಗಿ ಮಂತ್ರ ಶುರು ಮಾಡಿದರೆ ಸಾಕು, ಕಣ್ಣು ಮುಚ್ಚುತ್ತದೆ."

"ಭಕ್ತಿ ಜಾಸ್ತಿ ಆಗಿರಬೇಕು ಮೇಡಂ."

"ತಮಾಷೆ ಬೇಡ. ಅಡುಗೆ ಭಟ್ರು ನನ್ನ ತಲೆ ತಿಂತಾ ಇದ್ದಾರೆ. ಮೂರು ವಾರದಲ್ಲಿ ಅವರ ಮನೆಯ ಮದುವೆ ಉಂಟು, ಇಲ್ಲಿಯೇ. ನೀವು ಬಂದು ಅವರಿಗೆ ಹೇಳಿ, ನನ್ನಿಂದ ಆಗುವುದಿಲ್ಲ."

ಅಲ್ಲಿ ಒಟ್ಟು ಐದು ಟಿವಿ. ನಾಲ್ಕು ಊಟದ ಹಾಲಿನಲ್ಲಿ. ಮೇಲೆ ಮಂಟಪದಲ್ಲಿ ನಡೆಯುವುದು ಕೆಳಗೆ ಕೂತವರಿಗೆ ಕಾಣಲಿ ಎಂದು. ಐದನೆಯದು ಅಡುಗೆಮನೆಯಲ್ಲಿ, ಗ್ಯಾಸಿನ ದೊಡ್ಡ ಒಲೆಗಳಿಗೆ ಎದುರಾಗಿ, ಎಣ್ಣೆಯ ಹೊಗೆ ತಾಗದಷ್ಟು ಎತ್ತರದಲ್ಲಿ. ಆ ಐದನೆಯದನ್ನು ಒಂದು ತಿಂಗಳ ಹಿಂದಷ್ಟೇ ಹಟ ಹಿಡಿದು ಹಾಕಿಸಿಕೊಂಡವರು ಅಡುಗೆ ಭಟ್ಟರು.

ಉಡುಪಿಯ ಒಂದು ಓಣಿಯಲ್ಲಿ ಅವರ ಮನೆ. ಮೂವತ್ತು ವರ್ಷದಿಂದ ಮದುವೆ ಅಡುಗೆ. ಮೊದಲ ದಿನ ನಾನು ಅಡುಗೆಮನೆಗೆ ಹೋದಾಗ ಅವರು ಕುಂಬಳಕಾಯಿ ಹೆಚ್ಚುತ್ತಿದ್ದರು ಎಂದು ನೆನಪು. ಸೌತೆಕಾಯಿಯೂ ಇರಬಹುದು. ಮಾತು ಮಾತ್ರ ನೆನಪಿದೆ.

"ಎಷ್ಟು ಮದುವೆಗೆ ಬೇಯಿಸಿದ್ದೇನೆ, ಲೆಕ್ಕ ಇಟ್ಟವನಲ್ಲ," ಎಂದರು. "ಒಂದು ಧಾರೆ ನೋಡಿದವನೂ ಅಲ್ಲ. ಮೇಲೆ ಧಾರೆ ಆಗುವಾಗ ಕೆಳಗೆ ಸಾರಿಗೆ ಒಗ್ಗರಣೆ ಆಗಬೇಕು. ಧಾರೆ ಮುಗಿದ ಕೂಡಲೇ ಎಲೆ ಹಾಕ್ತಾರಲ್ವಾ?"

"ನಿಮ್ಮ ಸ್ವಂತ ಮದುವೆಯದ್ದಾದರೂ ನೋಡಿರಬೇಕಲ್ಲ?"

"ಹೋಮದ ಹೊಗೆ ಕಣ್ಣಿಗೆ ಬಂದು ಅದೂ ಕಾಣಲಿಲ್ಲ."

ಮದುವೆ ಅವರ ತಮ್ಮನ ಮಗಳದ್ದು. ಆ ಹುಡುಗಿ ಸಣ್ಣವಳಿರುವಾಗ ಅವರು ಹೋದ ಅಡುಗೆಮನೆಗಳಿಗೆಲ್ಲ ಹಿಂದೆ ಬಂದು, ತೆಂಗಿನಕಾಯಿ ತುರಿಯುವ ಮಣೆಯ ಹಿಂಬದಿಯಲ್ಲಿ ಕೂತು ಪಾಠ ಓದುತ್ತಿದ್ದಳಂತೆ. ತಮ್ಮ ಆಕೆಯನ್ನು ಧಾರೆ ಎರೆದು ಕೊಡುವುದನ್ನು ಇವರು ನೋಡಬೇಕು. ಅಷ್ಟೇ ಅವರ ಬೇಡಿಕೆ.

"ಆ ಒಂದು ದಿನ ಒಲೆಯನ್ನು ಬೇರೆಯವರಿಗೆ ಕೊಡಬಹುದಲ್ವಾ ಭಟ್ರೆ?" ಎಂದೆ.

ಅವರು ಕತ್ತಿ ಕೆಳಗಿಟ್ಟರು. "ನಮ್ಮ ಮನೆಯ ಮದುವೆಗೆ ಬೇರೆಯವರ ಸಾರು?" ಎಂದರು. ಆಮೇಲೆ ಸ್ವಲ್ಪ ಮೆತ್ತಗೆ, "ಮಂಟಪದಲ್ಲಿ ಸೋದರಮಾವನಿಗೆ ಕೆಲಸ ಉಂಟು. ದೊಡ್ಡಪ್ಪನಿಗೆ ಅಲ್ಲಿ ಎಂತ ಕೆಲಸ? ಇಲ್ಲಿಂದಲೇ ನೋಡಿಕೊಳ್ತೇನೆ. ನೀವು ಆ ಡಬ್ಬವನ್ನು ಹತ್ತು ನಿಮಿಷ ಉಳಿಸಿ ಕೊಡಿ."

ಹತ್ತು ನಿಮಿಷ. ನನಗೆ ಅದು ಬಹಳ ಸಣ್ಣ ಕೆಲಸ ಎನಿಸಿತು.

ಇಲ್ಲಿ ಸ್ವಿಚ್ಚಿನ ವಿಷಯ ಸ್ವಲ್ಪ ಹೇಳಬೇಕು. ಗೋಡೆಯ ಮೇಲಿನ ದೀಪದ ಸ್ವಿಚ್ಚಲ್ಲ. ಹತ್ತಾರು ಕೇಬಲುಗಳು ಬಂದು ಸೇರುವ, ಯಾವುದು ಯಾರಿಗೆ ಹೋಗಬೇಕೆಂದು ನೋಡಿ ಕಳುಹಿಸುವ ಪೆಟ್ಟಿಗೆ. ಮಂಟಪದ ಕ್ಯಾಮೆರಾದ ಚಿತ್ರವನ್ನು ಐದು ಟಿವಿಗೆ ಐದು ಸಲ ಕಳುಹಿಸುವುದಿಲ್ಲ. ಒಮ್ಮೆಯೇ ಕಳುಹಿಸುತ್ತಾರೆ, ಬೇಕಾದವರಿಗೆ ದಾರಿಯಲ್ಲಿರುವ ಸ್ವಿಚ್ಚೇ ಪ್ರತಿ ಮಾಡಿ ಹಂಚುತ್ತದೆ. ಮಲ್ಟಿಕಾಸ್ಟ್ ಎಂದರೆ ಇಷ್ಟೇ. ಆದರೆ ಏನೂ ಹೇಳಿಕೊಡದೆ ಬಿಟ್ಟರೆ ಸ್ವಿಚ್ಚು ಬೇಕಾದವರು ಯಾರು ಎಂದು ನೋಡುವುದಿಲ್ಲ, ಎಲ್ಲ ಕೇಬಲಿಗೂ ಸುರಿಯುತ್ತದೆ. ನಾನು ಬರುವ ಮೊದಲು ಅಲ್ಲಿ ಹಾಗೆಯೇ ಆಗುತ್ತಿತ್ತು. ಕಾವಲು ಕ್ಯಾಮೆರಾಗಳು ತಡವರಿಸುತ್ತಿದ್ದವು, ವೈಫೈ ಉಸಿರುಗಟ್ಟುತ್ತಿತ್ತು. ಕಾರ್ಕಳದ ಕಡೆಯ ಒಂದು ಹಾಸ್ಟೆಲಿನಲ್ಲಿ ಇದೇ ಕಾಯಿಲೆಯನ್ನು ನಾನು ಹಿಂದೆ ವಾಸಿ ಮಾಡಿದ್ದೆ. ಅದೇ ಔಷಧಿಯನ್ನು ಇಲ್ಲಿಯೂ ಹಾಕಿದೆ: ಯಾವ ಟಿವಿ ಚಿತ್ರ ಕೇಳಿದೆಯೋ ಅದರ ಹೆಸರು ಪಟ್ಟಿಯಲ್ಲಿ ಬರೆದುಕೋ, ಪಟ್ಟಿಯಲ್ಲಿ ಇಲ್ಲದವರಿಗೆ ಒಂದು ಹನಿಯೂ ಕೊಡಬೇಡ.

ಪಟ್ಟಿಗೆ ಒಂದು ಗುಣ ಇದೆ. ಅದು ಮರೆಯುತ್ತದೆ. ಬೇಕು ಎಂದು ಒಮ್ಮೆ ಹೇಳಿದ ಟಿವಿಯ ಹೆಸರನ್ನು ನಾಲ್ಕು ನಿಮಿಷ ಚಿಲ್ಲರೆ ಇಟ್ಟುಕೊಂಡು ಅಳಿಸಿಬಿಡುತ್ತದೆ. ಅದಕ್ಕಾಗಿ ನೆಟ್‌ವರ್ಕಿನಲ್ಲಿ ಯಾರಾದರೂ ಒಬ್ಬರು ಎರಡೆರಡು ನಿಮಿಷಕ್ಕೆ "ಯಾರಿಗೆ ಬೇಕು?" ಎಂದು ಕೇಳುತ್ತಿರಬೇಕು. ಟಿವಿಗಳು "ನನಗೆ" ಎನ್ನುತ್ತವೆ. ಪಟ್ಟಿ ಹೊಸತಾಗುತ್ತದೆ. ಇಲ್ಲಿ ಕೇಳುವ ಕೆಲಸ ಮಾಡುತ್ತಿದ್ದದ್ದು ಮೆನೇಜರ್ ಕೋಣೆಯ ರೂಟರು, ಎಂದರೆ ಹೊರಗಿನ ಇಂಟರ್ನೆಟ್ಟನ್ನು ಒಳಗೆ ತರುವ ಪೆಟ್ಟಿಗೆ.

ಇದನ್ನು ಭಟ್ಟರಿಗೆ ವಿವರಿಸಿದಾಗ ಅವರು, "ಕೇಳದೆ ಬಡಿಸಿದರೆ ಎಲೆ ಹಾಳು, ಕೇಳುವವನೇ ಇಲ್ಲದಿದ್ದರೆ ಊಟ ಹಾಳು," ಎಂದರು. ನಿಜಕ್ಕೂ ಅವರೇ ಹಾಗೆ ಎಂದರೇ? ಪಂಕ್ತಿಯ ನಡುವೆ "ಸಾರು, ಸಾರು" ಎಂದು ಕೇಳುತ್ತಾ ಹೋಗುವವರ ಹೋಲಿಕೆ ನನ್ನದೇ ಇರಬಹುದು. ಅವರ ಬಾಯಲ್ಲಿ ಚೆಂದ ಕಾಣುತ್ತದೆಂದು ಯಾವಾಗಲೋ ಅಲ್ಲಿಗೆ ಸಾಗಿಸಿರಬಹುದು. ಅವರು ಗ್ಯಾರಂಟಿಯಾಗಿ ಹೇಳಿದ್ದು ಬೇರೆ: "ಅದೆಲ್ಲ ಸರಿ. ಮತ್ತೆ ಯಾಕೆ ಹೋಗ್ತದೆ?"

ಯಾಕೆ ಹೋಗುತ್ತದೆ?

ವಾರದ ನಡುವಿನ ಒಂದು ದಿನ, ಮದುವೆ ಇಲ್ಲದಾಗ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಐದೂ ಟಿವಿ ಓಡಿಸಿದೆ. ಒಮ್ಮೆಯೂ ಕಪ್ಪಾಗಲಿಲ್ಲ. ಮೆನೇಜರ್ ಹತ್ತಿರ ಧಾರೆಯ ಹೊತ್ತಿಗೆ ಏನೇನಾಗುತ್ತದೆ ಎಂದು ಪಟ್ಟಿ ಕೇಳಿದೆ. ಅವರು ಬೆರಳು ಮಡಚಿ ಹೇಳಿದರು: ಪುರೋಹಿತರ ಮೈಕ್, ನಾದಸ್ವರ, ಡೋಲು, ಫೋಟೋದವರ ದೊಡ್ಡ ಲೈಟು, ಎಲ್ಲರೂ ಒಟ್ಟಿಗೆ ಎದ್ದು ನಿಂತು ಮೊಬೈಲ್ ಎತ್ತುವುದು, ಅಕ್ಷತೆ.

ಒಂದೊಂದನ್ನೇ ಪರೀಕ್ಷಿಸಿದೆ. ಮೈಕನ್ನು ಸ್ವಿಚ್ಚಿನ ಬಾಯಿಗೆ ಹಿಡಿದು ಕೂಗಿದೆ. ಫೋಟೋದ ಲೈಟುಗಳನ್ನು ತರಿಸಿ ಉರಿಸಿದೆ. ಅಕ್ಷತೆಯ ಕಾಳು ಪೆಟ್ಟಿಗೆಯ ಒಳಗೆ ಬಿದ್ದಿರಬಹುದೇ ಎಂದು ಟಾರ್ಚು ಹಾಕಿ ನೋಡಿದೆ. ಎರಡು ಸಿಕ್ಕಿದವು ಕೂಡ, ಆದರೆ ನಿರಪರಾಧಿಗಳು. ಭಟ್ಟರು ಬಾಗಿಲಲ್ಲಿ ನಿಂತು ನೋಡಿ, "ದೃಷ್ಟಿ ತೆಗೆಸಿದರೆ ಹೇಗೆ?" ಎಂದರು.

"ಯಾರಿಗೆ ಭಟ್ರೆ, ಸ್ವಿಚ್ಚಿಗಾ?"

"ನಿಮಗೆ."

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನಾನು ಖುಷಿಯಾಗಿದ್ದೆ. ಯಂತ್ರವೊಂದು ಮಂತ್ರ ಕೇಳಿ ಕಣ್ಣು ಮುಚ್ಚುತ್ತದೆ ಎಂಬುದು ನಾನು ನಂಬುವ ಮಾತಲ್ಲ, ಆದರೂ ಮಣಿಪಾಲದಿಂದ ಇಳಿದು ಬರುವಾಗ ಬೈಕಿನ ಮೇಲೆ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಮಂತ್ರದ ಯಾವ ಭಾಗಕ್ಕೆ? ಸಂಕಲ್ಪಕ್ಕೋ, ಕನ್ಯಾದಾನಕ್ಕೋ? ಕಾರಣ ಸಿಗದ ತೊಂದರೆ ಇರುವಷ್ಟು ದಿನ ಎಲ್ಲ ವಸ್ತುಗಳೂ ಸ್ವಲ್ಪ ಹೊಳೆಯುತ್ತವೆ. ಭಟ್ಟರಿಗೆ ಹಾಗಿರಲಿಲ್ಲ. ಅವರಿಗೆ ದಿನಗಳು ಕಡಿಮೆಯಾಗುತ್ತಿದ್ದವು.

ಎರಡನೇ ವಾರದಲ್ಲಿ ಯಾರದೋ ಒಂದು ಮದುವೆ ಇತ್ತು. ಮೆನೇಜರ್ ನನ್ನನ್ನು ಮಂಟಪದ ಪಕ್ಕದ ಸಣ್ಣ ಕೋಣೆಯಲ್ಲಿ, ಬಾಗಿಲು ತೆರೆದಿಟ್ಟು, ಲ್ಯಾಪ್‌ಟಾಪಿನೊಂದಿಗೆ ಕೂರಿಸಿದರು. ಪರದೆಯ ಮೇಲೆ ಸ್ವಿಚ್ಚಿನ ಪಟ್ಟಿ ತೆರೆದಿಟ್ಟೆ: ಐದು ಟಿವಿ, ಪ್ರತಿಯೊಂದರ ಮುಂದೆ ಇಷ್ಟು ಸೆಕೆಂಡಿನ ನಂತರ ಮರೆಯುತ್ತೇನೆ ಎಂಬ ಸಂಖ್ಯೆ. ಸಂಖ್ಯೆ ಇಳಿಯುತ್ತದೆ, ರೂಟರು ಕೇಳಿದೊಡನೆ ಟಿವಿ ಉತ್ತರಿಸುತ್ತದೆ, ಸಂಖ್ಯೆ ಮತ್ತೆ ಮೇಲಕ್ಕೆ ಹಾರುತ್ತದೆ. ಇಳಿಯುವುದು, ಹಾರುವುದು. ಬೆಳಗಿನಿಂದ ಅದೇ ನೋಡುತ್ತಿದ್ದೆ.

ಧಾರೆ ಹತ್ತಿರ ಬಂದಾಗ ಸಂಖ್ಯೆಗಳು ಇಳಿದವು. ಹಾರಲಿಲ್ಲ. ಇನ್ನೂ ಇಳಿದವು. ಪಟ್ಟಿಯನ್ನು ಮತ್ತೆ ಮತ್ತೆ ತರಿಸಿ ನೋಡಿದೆ. ನೂರಕ್ಕಿಂತ ಕೆಳಗೆ. ಐವತ್ತು. ಕೇಳುವವನು ಮಾತಾಡುತ್ತಿಲ್ಲ.

ಮುಂದಿನದು ನನ್ನ ಹತ್ತಿರ ಎರಡು ರೀತಿಯಲ್ಲಿ ಇದೆ. ಒಂದರಲ್ಲಿ ನನ್ನ ಹಣೆಯಿಂದ ಬೆವರಿನ ಹನಿಯೊಂದು ಕೀಬೋರ್ಡಿನ ಮೇಲೆ ಬೀಳುತ್ತದೆ, ನಾನು ತಲೆ ಎತ್ತುತ್ತೇನೆ, ಮೇಲೆ ಫ್ಯಾನು ನಿಂತಿದೆ. ಇನ್ನೊಂದರಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಸೀರೆಯ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ, ಅವರ ಪಕ್ಕದವರೂ, ಇಡೀ ಸಾಲೂ. ಬೆವರಿನ ಹನಿ ತೀರ ಸಮಯಕ್ಕೆ ಸರಿಯಾಗಿ ಬೀಳುತ್ತದೆ. ಅದು ಆಮೇಲೆ ಸೇರಿಕೊಂಡದ್ದಿರಬೇಕು. ಅಜ್ಜಿಯನ್ನು ನಂಬುತ್ತೇನೆ. ಅವರ ಸೀರೆಯ ಬಣ್ಣ ಹೇಳಲು ನನ್ನಿಂದಾಗದು, ಅದಕ್ಕೇ ನಂಬುತ್ತೇನೆ.

ಹೇಗೂ ಇರಲಿ, ಫ್ಯಾನುಗಳೆಲ್ಲ ನಿಂತಿದ್ದವು. ಮಂಟಪದಲ್ಲಿ ದೀಪದ ಕುಡಿ ಅಲುಗದೆ ನೇರವಾಗಿತ್ತು. ನಾನು ಮೆನೇಜರ್ ಕೋಣೆಗೆ ಓಡಿದೆ. ರೂಟರಿನ ಒಂದು ದೀಪವೂ ಉರಿಯುತ್ತಿರಲಿಲ್ಲ. ಅಷ್ಟರಲ್ಲಿ ಕೆಳಗೆ ಊಟದ ಹಾಲಿನಿಂದ ದೊಡ್ಡ ನಿಟ್ಟುಸಿರು ಕೇಳಿತು. ಟಿವಿ ಹೋಗಿತ್ತು.

ಮೆನೇಜರ್ ಮೆಟ್ಟಿಲ ಬಳಿ ವಿದ್ಯುತ್ ಫಲಕದ ಪಕ್ಕದಲ್ಲಿ ನಿಂತಿದ್ದರು.

"ಫ್ಯಾನ್ ಯಾರು ನಿಲ್ಲಿಸಿದ್ದು ಮೇಡಂ?"

"ನಾನೇ. ಪುರೋಹಿತರು ಕೈ ತೋರಿಸಿದ ಕೂಡಲೇ ಫ್ಯಾನಿನ ಲೈನ್ ಇಳಿಸುವುದು. ಇಲ್ಲದಿದ್ದರೆ ದೀಪ ನಂದುವುದಿಲ್ವಾ? ಧಾರೆ ಹೊತ್ತಿಗೆ ದೀಪ ಹೋದರೆ ಹುಡುಗಿಯ ಕಡೆಯವರು ನನ್ನನ್ನು ಬಿಡ್ತಾರಾ?"

"ಧಾರೆ ಹೊತ್ತಿಗೆ ಎಂತೆಲ್ಲ ಆಗ್ತದೆ ಅಂತ ನಾನು ಪಟ್ಟಿ ಕೇಳಿದ್ದೆನಲ್ಲ."

"ಇದು ಆಗುವುದಾ?" ಎಂದರು, ನಿಜವಾಗಿ ಆಶ್ಚರ್ಯದಿಂದ. "ಇದು ಯಾವಾಗಲೂ ಮಾಡುವುದಲ್ವಾ?"

ಹಳೆಯ ವಯರಿಂಗಿನಲ್ಲಿ ಅವರ ಕೋಣೆಯ ಪ್ಲಗ್ಗನ್ನು ಯಾರೋ ಫ್ಯಾನಿನ ಲೈನಿನಿಂದಲೇ ಎಳೆದಿದ್ದರು. ದೀಪ ಉಳಿಸಲು ಲೈನ್ ಇಳಿಸಿದರೆ ರೂಟರು ಸಾಯುತ್ತಿತ್ತು. ಸ್ವಿಚ್ಚು, ಕ್ಯಾಮೆರಾ, ಟಿವಿಗಳು ಬೇರೆ ಲೈನಿನಲ್ಲಿ ಜೀವಂತ. ಪಟ್ಟಿಯ ನೆನಪು ಇರುವಷ್ಟು ಹೊತ್ತು, ಎಂದರೆ ಎರಡು ನಿಮಿಷವೋ ನಾಲ್ಕು ನಿಮಿಷವೋ, ಚಿತ್ರ ಬರುತ್ತಿತ್ತು, ಆಮೇಲೆ ಕಪ್ಪು. ಧಾರೆ ಮುಗಿದು ಫ್ಯಾನ್ ತಿರುಗಿದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮತ್ತೆ ಸರಿ. ಆಮೇಲೆ ಬಂದು ನೋಡಿದವರಿಗೆ ಏನೂ ತಪ್ಪು ಕಾಣದು. ಕ್ರಿಶ್ಚಿಯನ್ ರಿಸೆಪ್ಶನ್‌ಗಳಲ್ಲಿ ಫ್ಯಾನ್ ನಿಲ್ಲಿಸುವ ಮಾತೇ ಇಲ್ಲ. "ನಮ್ಮ ಕ್ಯಾಂಡಲ್ ಚರ್ಚಿನಲ್ಲೇ ಮುಗಿಯುತ್ತದೆ," ಎಂದರು ಮೆನೇಜರ್.

ತಪ್ಪನ್ನು ವಯರಿಂಗಿನ ಮೇಲೆ ಹಾಕುವುದು ಸುಲಭ. ಆದರೆ ಪಟ್ಟಿಯಲ್ಲಿ ಇಲ್ಲದವರಿಗೆ ಒಂದು ಹನಿಯೂ ಬೇಡ ಎಂದು ಸ್ವಿಚ್ಚಿಗೆ ಹೇಳಿದವನು ನಾನು. ನಾನು ಬರುವ ಮೊದಲು ಅದು ಎಲ್ಲರಿಗೂ ಸುರಿಯುತ್ತಿತ್ತು, ಧಾರೆಯೂ ಕಾಣುತ್ತಿತ್ತು. ನಮ್ಮ ಮನೆಯಲ್ಲಿಯೂ ಸಂಜೆ ದೇವರ ದೀಪ ಹಚ್ಚುವಾಗ ಫ್ಯಾನ್ ನಿಲ್ಲಿಸುವವನು ನಾನೇ. ಎಷ್ಟೋ ಮದುವೆಗಳಲ್ಲಿ ಬೆವರು ಒರೆಸಿಕೊಂಡು ಕೂತಿದ್ದೇನೆ. ಆದರೂ ಮೈಕು, ಡೋಲು, ಅಕ್ಷತೆ ಕಂಡದ್ದೇ ಹೊರತು ಫ್ಯಾನು ಕಾಣಲಿಲ್ಲ.

ಮದುವೆಯ ಸೀಸನ್ ಮುಗಿಯುವವರೆಗೆ, ರೂಟರಿಗೆ ಬೇರೆ ಲೈನ್ ಎಳೆಯಲು ಗೋಡೆ ಒಡೆಯುವುದಕ್ಕೆ ಮೆನೇಜರ್ ಒಪ್ಪಲಿಲ್ಲ. "ಪೈಂಟ್ ಹಾಳಾಗ್ತದೆ." ಹಾಗಾಗಿ ಕೇಳುವ ಕೆಲಸವನ್ನು ಊಟದ ಹಾಲಿನ ಸ್ವಿಚ್ಚಿಗೇ ಕೊಡುವುದೆಂದು ನಿರ್ಧರಿಸಿದೆ. ಅದರಲ್ಲೊಂದು ಸೂಕ್ಷ್ಮ ಇದೆ. ಇಬ್ಬರು ಕೇಳುವವರಿದ್ದರೆ ಯಾರ ವಿಳಾಸದ ಸಂಖ್ಯೆ ಚಿಕ್ಕದೋ ಅವರು ಕೇಳುತ್ತಾರೆ, ದೊಡ್ಡದಿರುವವರು ಬಾಯಿ ಮುಚ್ಚಿ ಕಾಯುತ್ತಾರೆ. ಚಿಕ್ಕವರು ಸತ್ತರೆಂದು ದೊಡ್ಡವರಿಗೆ ಖಾತ್ರಿಯಾಗಲು ನಾಲ್ಕು ನಿಮಿಷ ಬೇಕು, ಅಷ್ಟರಲ್ಲಿ ಪಟ್ಟಿ ಅಳಿಸಿ ಹೋಗಿರಲೂಬಹುದು. ಅದಕ್ಕೆ ಸ್ವಿಚ್ಚಿಗೆ ರೂಟರಿಗಿಂತ ಚಿಕ್ಕ ಸಂಖ್ಯೆ ಕೊಟ್ಟೆ. ಮನೆಯಲ್ಲಿ ಕಿರಿಯರಿಗೆ ಇಷ್ಟು ಅಧಿಕಾರ ಎಲ್ಲಿಯೂ ಕಂಡಿಲ್ಲ.

ಭಟ್ಟರ ಮನೆಯ ಮದುವೆಗೆ ನಾಲ್ಕು ದಿನ ಇರುವಾಗ ಪರೀಕ್ಷೆ. ಮೆನೇಜರ್ ಫ್ಯಾನಿನ ಲೈನ್ ಇಳಿಸಿ ಕೆಳಗೆ ಬಂದರು. ಭಟ್ಟರು ಮೂರು ಲೋಟ ಕಾಫಿ ಮಾಡಿದರು. ಅಡುಗೆಮನೆಯಲ್ಲಿ ನಾವು ಮೂವರು ನಿಂತು, ಐದನೇ ಟಿವಿಯಲ್ಲಿ ಖಾಲಿ ಮಂಟಪವನ್ನು ನೋಡತೊಡಗಿದೆವು. ಎರಡು ಕುರ್ಚಿ, ಹಿಂದಿನ ಮದುವೆಯ ಒಂದು ಬಾಡಿದ ಮಾಲೆ. ಇಷ್ಟು ಗಮನವಿಟ್ಟು ನಾನು ಯಾವ ನಿಜವಾದ ಮದುವೆಯನ್ನೂ ನೋಡಿಲ್ಲ.

ಮೂರು ನಿಮಿಷ. ನಾಲ್ಕು. ಬೆಕ್ಕೊಂದು ಚಿತ್ರದೊಳಗೆ ನಡೆದು ಬಂದು ಬಲಗಡೆಯ ಕುರ್ಚಿಯ ಮೇಲೆ ಕೂತಿತು.

"ವರ ಬಂದ," ಎಂದರು ಭಟ್ಟರು.

"ಭಟ್ರೆ, ಎಡಗಡೆಯ ಕುರ್ಚಿಗೂ ಒಂದನ್ನು ಹುಡುಕಿ," ಎಂದರು ಮೆನೇಜರ್.

"ಬಾಯಮ್ಮ, ನೀವು ಸುಮ್ಮನಿರಿ. ಗೋತ್ರ ನೋಡದೆ ಮಾಡುವುದುಂಟಾ?"

ಹದಿನೈದು ನಿಮಿಷವಾದರೂ ಚಿತ್ರ ಹೋಗಲಿಲ್ಲ. ಬೆಕ್ಕು ಮೈ ನೆಕ್ಕಿಕೊಂಡು ಮಲಗಿತು. ಕಾಫಿ ಮುಗಿದಿತ್ತು, ಆದರೂ ಯಾರೂ ಲೋಟ ಕೆಳಗಿಡಲಿಲ್ಲ. ಭಟ್ಟರು ಮಾತ್ರ ಒಂದು ಪ್ರಶ್ನೆ ಕೇಳಿದರು: "ಆ ದಿನವೂ ಹೀಗೆಯೇ ಇರ್ತದೆ ಅಂತ ನೀವು ಹೇಳ್ತೀರಾ?"

ಹೇಳುತ್ತೇನೆ ಎಂದೆ. ಹೇಳಿದ ಮೇಲೆ ಪಟ್ಟಿಯನ್ನು ಇನ್ನೊಮ್ಮೆ ತೆರೆದು ನೋಡಿದೆ.

ಮದುವೆಯ ದಿನ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಚೀಲದ ಮೇಲೆ ಕೂತೆ. ಕೊಪ್ಪರಿಗೆಯಲ್ಲಿ ಸಾರು ಕುದಿಯುತ್ತಿತ್ತು. ಅದರ ಪಕ್ಕದ ಒಲೆಯಲ್ಲಿ ಒಗ್ಗರಣೆಯ ದೊಡ್ಡ ಸೌಟು, ತೆಂಗಿನೆಣ್ಣೆ. ಟಿವಿಯಲ್ಲಿ ಮಂತ್ರ. ಫ್ಯಾನಿನ ಲೈನ್ ಇಳಿಸಿದ್ದು ನನಗೆ ಕೆಳಗಿನಿಂದಲೇ ಗೊತ್ತಾಯಿತು. ಲ್ಯಾಪ್‌ಟಾಪಿನ ಪರದೆಯಿಂದ ರೂಟರು ಮಾಯವಾಯಿತು.

ಆಮೇಲೆ ನಾನು ನೋಡಿದ್ದು ಸಂಖ್ಯೆಗಳನ್ನು ಮಾತ್ರ. ಇಳಿದವು. ಹಾರಿದವು. ಮತ್ತೆ ಇಳಿದವು. ಮತ್ತೆ ಹಾರಿದವು. ಐದು ಸಾಲು, ಐದೂ ಜೀವಂತ. ನಾದಸ್ವರ ಜೋರಾಯಿತು, ಡೋಲು ಜೋರಾಯಿತು, ಯಾರೋ ಏನೋ ಕೂಗಿದರು. ನಾನು ತಲೆ ಎತ್ತಲಿಲ್ಲ. ಐದನೇ ಸಾಲಿನ ಸಂಖ್ಯೆಯಿಂದ ಕಣ್ಣು ಕೀಳಲಿಲ್ಲ. ಹಾಗಾಗಿ ಇದನ್ನು ಬರೆಯಲು ನಾನು ಯೋಗ್ಯ ಸಾಕ್ಷಿಯಲ್ಲ. ಆ ಟಿವಿಯಲ್ಲಿ ಚಿತ್ರ ಇತ್ತು ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಅದರ ಎದುರು ನಿಂತವರು ನೋಡಿದರೋ, ಅದೇ ಹೊತ್ತಿಗೆ ಯಾರಾದರೂ ಉಪ್ಪು ಕೇಳಲು ಬಂದರೋ, ಕೊಪ್ಪರಿಗೆಯ ಆವಿ ಮುಖಕ್ಕೆ ಅಡ್ಡ ಬಂತೋ, ತಿಳಿಯದು. ನಾನು ತಲೆ ಎತ್ತುವಾಗ ಭಟ್ಟರು ನನಗೆ ಬೆನ್ನು ಹಾಕಿ ಸಾರು ಕಲಕುತ್ತಿದ್ದರು. ಮುಖ ಕಾಣಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಮೊದಲ ಪಂಕ್ತಿಯಲ್ಲೇ ಮೆನೇಜರ್ ನನ್ನನ್ನು ಎಳೆದು ತಮ್ಮ ಪಕ್ಕ ಕೂರಿಸಿದರು. ಎಲೆಗೆ ಉಪ್ಪು ಬಂತು, ಕೋಸಂಬರಿ ಬಂತು, ಪಲ್ಯ ಬಂತು. ಸಾರಿನವರು "ಸಾರು, ಸಾರು" ಎಂದು ಕೇಳುತ್ತಾ ಬಂದರು. ಅನ್ನದ ನಡುವೆ ಗುಂಡಿ ಮಾಡಿ ಹಾಕಿಸಿಕೊಂಡು, ಒಂದು ತುತ್ತು ಬಾಯಿಗಿಟ್ಟೆ.

ಪಕ್ಕದಲ್ಲಿ ಮೆನೇಜರ್ ಕೈ ನಿಲ್ಲಿಸಿದರು. ಮೆಲ್ಲಗೆ, ಆಚೆ ಕೂತವರಿಗೆ ಕೇಳದ ಹಾಗೆ ಹೇಳಿದರು: "ಎಂತ ಇದು? ಒಗ್ಗರಣೆ ಕರಂಚಿದ ವಾಸನೆ. ಭಟ್ರ ಕೈಯಲ್ಲಿ ಇಷ್ಟು ವರ್ಷದಲ್ಲಿ ಹೀಗೆ ಆಗಲಿಲ್ಲ."

ಹೌದು. ಸಾಸಿವೆ ಸೀದಿತ್ತು. ಕರಿಬೇವು ಕಪ್ಪಾಗಿ, ನಾಲಿಗೆಯ ಹಿಂದೆ ಕಹಿ. ಒಲೆಯ ಮೇಲಿನ ಸೌಟನ್ನು ಮರೆತು ಅಷ್ಟು ಹೊತ್ತು ಬೇರೆಲ್ಲೋ ನೋಡುತ್ತಾ ನಿಂತವರ ಒಗ್ಗರಣೆ. ಈ ಇಡೀ ವಿಷಯದಲ್ಲಿ ನಾನು ತಿದ್ದದೆ, ಸಾಗಿಸದೆ ಇಟ್ಟುಕೊಂಡಿರುವುದು ಆ ಕಹಿಯೊಂದನ್ನೇ.

ಸಾರಿನವರು ಎರಡನೇ ಸಲ ಕೇಳುತ್ತಾ ಬಂದಾಗ ಸುತ್ತಲಿನವರು ಎಲೆಗೆ ಕೈ ಅಡ್ಡ ಹಿಡಿದರು. ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.